ಮನೆ ವೈಫೈಗೆ ಒಂದಲ್ಲ, ಎರಡು ಪಾಸ್‌ವರ್ಡ್

ಮನೆಗೆ ಹೊಸ ರೂಟರ್ ಬಂತು, ಹಾಕೋಕೆ ಬಂದವರು ವೈಫೈ ಪಾಸ್‌ವರ್ಡ್ ಹೇಳಿ ಹೋದ್ರು. ಅಲ್ಲಿಗೆ ಕೆಲಸ ಮುಗೀತು ಅಂದ್ಕೋಬೇಡಿ. ರೂಟರ್‌ಗೆ ಇನ್ನೊಂದು ಪಾಸ್‌ವರ್ಡ್ ಇದೆ, ಅದೇ ಅಡ್ಮಿನ್ ಪಾಸ್‌ವರ್ಡ್. ಮೊದಲನೇದು ಮನೆ ಬಾಗಿಲಿನ ಕೀ ಆದ್ರೆ, ಇದು ಬೀರುವಿನ ಕೀ.

ಎಷ್ಟೋ ರೂಟರ್‌ಗಳಲ್ಲಿ ಇದು ಬರೀ 'ಅಡ್ಮಿನ್' ಅಂತಲೇ ಇರುತ್ತೆ. ಹಾಗಿದ್ರೆ ನಿಮ್ಮ ವೈಫೈ ಸಿಕ್ಕ ಯಾರಾದ್ರೂ ರೂಟರ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಡಿಎನ್‌ಎಸ್ ಬದಲಾಯಿಸಬಹುದು. ಡಿಎನ್‌ಎಸ್ ಅಂದ್ರೆ ವೆಬ್‌ಸೈಟ್ ಹೆಸರಿಗೆ ವಿಳಾಸ ಹುಡುಕಿಕೊಡೋ ವ್ಯವಸ್ಥೆ. ಅದು ಕೆಟ್ಟರೆ, ಬ್ಯಾಂಕಿನ ಹೆಸರನ್ನ ನೀವು ಸರಿಯಾಗೇ ಟೈಪ್ ಮಾಡಿದ್ರೂ ನಕಲಿ ಪುಟ ತೆರೆಯಬಹುದು. ಬ್ರೌಸರ್ ಎಚ್ಚರಿಕೆ ತೋರಿಸಿದ್ರೆ ಅಲ್ಲೇ ನಿಲ್ಲಿ.

ಹಾಗಾದ್ರೆ ಏನ್ ಮಾಡ್ಬೇಕು? ಫೋನನ್ನ ಮನೆ ವೈಫೈಗೆ ಸೇರಿಸಿ. ರೂಟರ್ ತಿರುಗಿಸಿ, ಸ್ಟಿಕ್ಕರ್ ನೋಡಿ. ಅಲ್ಲಿರೋ ವಿಳಾಸವನ್ನ ಬ್ರೌಸರ್‌ನಲ್ಲಿ ಹಾಕಿ. ಸಾಮಾನ್ಯವಾಗಿ ಅದು 192.168.1.1 ಅಥವಾ 192.168.0.1. ಲಾಗಿನ್ ಆಗಿ ಮೊದಲು ಅಡ್ಮಿನ್ ಪಾಸ್‌ವರ್ಡ್ ಬದಲಾಯಿಸಿ. ಆಮೇಲೆ ವೈಫೈ ಸೆಕ್ಯುರಿಟಿಯಲ್ಲಿ ಡಬ್ಲ್ಯುಪಿಎ3 ಆರಿಸಿ, ಅದಿಲ್ಲದಿದ್ರೆ ಡಬ್ಲ್ಯುಪಿಎ2. ಮನೆಗೆ ಬಂದವರಿಗೆ ಗೆಸ್ಟ್ ನೆಟ್‌ವರ್ಕ್ ಕೊಡಿ.

ಇನ್ನು ಕಂಪ್ಯೂಟರ್ ಸೇರಿಸೋದು. ಹತ್ತಿರದ ಲ್ಯಾಪ್‌ಟಾಪ್‌ಗೆ 5 ಗಿಗಾಹರ್ಟ್ಸ್, ಗೋಡೆಯಾಚೆ ದೂರದ ರೂಮಿಗೆ 2.4. ಡೆಸ್ಕ್‌ಟಾಪ್‌ಗೆ ಲ್ಯಾನ್ ಕೇಬಲ್ಲೇ ವಾಸಿ.

ಇದಿಷ್ಟು ಸ್ವಲ್ಪ ಹೊತ್ತಿನ ಕೆಲಸ. ಎಪಿಸೋಡ್ ಮುಗಿದ ಕೂಡಲೇ ಆ ಸ್ಟಿಕ್ಕರ್ ನೋಡ್ತೀರಲ್ವಾ?