ಮನೆಯ ವಿದ್ಯುತ್ತಿನ ಲೆಕ್ಕ

ಆಟಿಯ ಮಳೆಯು ಬಿಡದೆ ಸುರಿಯುತ್ತಿದ್ದ ಒಂದು ಪ್ರಾತಃಕಾಲ ಮಂಗಳೂರಿನ ನಮ್ಮ ಮನೆಯ ಬಚ್ಚಲಿನ ಕಡೆಯಿಂದ ಏನೋ ಸುಟ್ಟ ವಾಸನೆಯು ಬಂದಿತು. ಹೋಗಿ ನೋಡುವಲ್ಲಿ, ಗೀಸರಿನ ಪ್ಲಗ್ಗು ಮುಟ್ಟಲಾರದಷ್ಟು ಬಿಸಿಯಾಗಿ, ಅದರ ಒಂದು ಬದಿಯು ಕರಗಿ ಕಪ್ಪಾಗಿತ್ತು. ಕೂಡಲೆ ಮೈನ್ ಸ್ವಿಚ್ಚನ್ನು ಬಂದುಮಾಡಿ ವಯರಿಂಗಿನವರಿಗೆ ಹೇಳಿಕಳುಹಿಸಿದೆವು. "ಫ್ಯೂಸು ಹೋಗಲಿಲ್ಲವಲ್ಲ, ಇದೊಂದು ಹೇಗೆ ಸುಟ್ಟಿತು?" ಎಂದು ನಮ್ಮ ತಾಯಿಯವರು ಕೇಳಿದರು. ಅವರು ಪ್ಲಗ್ಗಿನ ಹಿತ್ತಾಳೆಯ ಕಡ್ಡಿಯನ್ನು ತೋರಿಸಿ, "ಇಲ್ಲಿ ನೋಡಿ ಅಮ್ಮ, ಕಿಲುಬು ಹಿಡಿದಿದೆ. ನಮ್ಮ ಊರಿನ ಕಡಲ ಗಾಳಿಯಲ್ಲವೇ!" ಎಂದರು.

ಉಗುರಿನಿಂದ ಕೆರೆದರೆ ಹೋಗುವಷ್ಟು ಕಿಲುಬು ಇಷ್ಟು ಅನಾಹುತ ಮಾಡಬಲ್ಲುದೇ? ಪ್ರಾಥಮಿಕ ಶಾಲೆಯ ಗುಣಾಕಾರ ಭಾಗಾಕಾರಗಳನ್ನು ಬಲ್ಲ ಯಾವ ಗೃಹಸ್ಥನೂ ಈ ಪ್ರಶ್ನೆಗೆ ತಾನೇ ಉತ್ತರ ಕಂಡುಕೊಳ್ಳಬಹುದು.

ಎತ್ತರದ ತೊಟ್ಟಿಯಿಂದ ಕೊಳವೆಯ ಮೂಲಕ ನೀರು ಇಳಿಯುವುದನ್ನು ಎಲ್ಲರೂ ಕಂಡಿದ್ದೇವೆ. ತೊಟ್ಟಿಯು ಎತ್ತರವಾದಷ್ಟೂ ನೀರಿನ ಒತ್ತಡವು ಹೆಚ್ಚು. ಕೊಳವೆಯು ಇಕ್ಕಟ್ಟಾದಷ್ಟೂ ಹರಿವಿಗೆ ತಡೆಯು ಹೆಚ್ಚು. ವಿದ್ಯುತ್ತಿನಲ್ಲಿಯೂ ಹೀಗೆಯೇ. ಒತ್ತಡವನ್ನು ವೋಲ್ಟುಗಳಿಂದಲೂ, ಪ್ರವಾಹವನ್ನು ಆಂಪಿಯರುಗಳಿಂದಲೂ, ತಡೆಯನ್ನು ಓಮುಗಳಿಂದಲೂ ಅಳೆಯುವರು. ಒತ್ತಡವನ್ನು ಪ್ರವಾಹದಿಂದ ಭಾಗಿಸಿದರೆ ತಡೆಯು ದೊರೆಯುವುದು. ಒತ್ತಡವನ್ನು ಪ್ರವಾಹದಿಂದ ಗುಣಿಸಿದರೆ ವಾಟುಗಳಲ್ಲಿ ಶಕ್ತಿಯು ದೊರೆಯುವುದು. ಇವೆರಡೇ ಸೂತ್ರಗಳು.

ಮೊದಲನೆಯದನ್ನು ಕಂಡುಹಿಡಿದವನು ಜರ್ಮನಿಯ ಗೆಯೋರ್ಗ್ ಓಮ್ ಎಂಬ ಉಪಾಧ್ಯಾಯನು. ೧೮೨೭ರಲ್ಲಿ ಅವನು ತನ್ನ ಗ್ರಂಥವನ್ನು ಪ್ರಕಟಿಸಿದಾಗ ಸ್ವದೇಶದ ಪಂಡಿತರಿಂದ ತಕ್ಕ ಮನ್ನಣೆಯು ದೊರೆಯಲಿಲ್ಲ. ೧೮೪೧ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯವರು ಅವನಿಗೆ ಕೋಪ್ಲಿ ಪದಕವನ್ನಿತ್ತು ಗೌರವಿಸಿದರು. ಇಂದು ತಡೆಯ ಅಳತೆಯೇ ಅವನ ಹೆಸರನ್ನು ಹೊತ್ತಿದೆ.

ಇನ್ನು ನಮ್ಮ ಗೀಸರಿಗೆ ಬರೋಣ. ಅದರ ಮೇಲೆ ೨೩೦ ವೋಲ್ಟು, ೨೦೦೦ ವಾಟು ಎಂದು ಬರೆದಿದೆ. ೨೦೦೦ವನ್ನು ೨೩೦ರಿಂದ ಭಾಗಿಸಿದರೆ ಪ್ರವಾಹವು ಸುಮಾರು ೮.೭ ಆಂಪಿಯರು. ೬ ಆಂಪಿಯರಿನ ಸಣ್ಣ ಸಾಕೆಟ್ಟಿಗೆ ಇದನ್ನು ಜೋಡಿಸಬಾರದೆಂಬುದು ಇಷ್ಟರಿಂದಲೇ ತಿಳಿಯುವುದು. ೨೩೦ನ್ನು ೮.೭ರಿಂದ ಭಾಗಿಸಿದರೆ ಗೀಸರಿನ ತಡೆಯು ಸುಮಾರು ೨೬.೪ ಓಮು. ಅದು ಅರ್ಧ ಗಂಟೆ ಉರಿದರೆ ೧೦೦೦ ವಾಟು ಒಂದು ಗಂಟೆ ಉರಿದಂತೆ. ಮೆಸ್ಕಾಂ ಬಿಲ್ಲಿನಲ್ಲಿ ಕಾಣುವ ಒಂದು ಯೂನಿಟ್ಟು ಇದೇ.

ಒತ್ತಡವು ೨೦೦ ವೋಲ್ಟಿಗೆ ಇಳಿದ ದಿನ ಏನಾಗುವುದು? ತಡೆಯು ಅದೇ ಇರುವುದರಿಂದ ಪ್ರವಾಹವು ೭.೬ ಆಂಪಿಯರಿಗೂ, ಶಕ್ತಿಯು ಸುಮಾರು ೧೫೦೦ ವಾಟಿಗೂ ಇಳಿಯುವುದು. ಒತ್ತಡವು ಎಂಟರಲ್ಲೊಂದು ಪಾಲು ಕಡಿಮೆಯಾದರೆ ಶಕ್ತಿಯು ಕಾಲುಪಾಲು ಕಡಿಮೆ! ನೀರು ಕಾಯಲು ತಡವಾಯಿತೆಂದು ಗೀಸರನ್ನು ದೂರುವುದು ನ್ಯಾಯವಲ್ಲ. ಆದರೆ ಬಾವಿಯ ಪಂಪು, ಪಂಖ ಮೊದಲಾದ ಮೋಟಾರುಗಳಿಗೆ ಈ ಸುಲಭ ಲೆಕ್ಕವು ಹಾಗೆಯೇ ಸಲ್ಲುವುದಿಲ್ಲವೆಂಬುದನ್ನು ವಾಚಕರು ನೆನಪಿಡಬೇಕು.

ಈಗ ಕಿಲುಬಿನ ಮಾತು. ಅದರ ತಡೆಯು ಬರಿಯ ಅರ್ಧ ಓಮು ಎಂದಿಟ್ಟುಕೊಳ್ಳೋಣ. ಒಟ್ಟು ತಡೆಯು ಸುಮಾರು ೨೭ ಓಮಾಗಿ, ಪ್ರವಾಹವು ೮.೫ ಆಂಪಿಯರಿಗೆ ತಗ್ಗುವುದು. ಪ್ರವಾಹವನ್ನು ಅದರಿಂದಲೇ ಗುಣಿಸಿ, ಬಂದುದನ್ನು ತಡೆಯಿಂದ ಗುಣಿಸಿದರೆ ಆ ಸ್ಥಳದಲ್ಲಿ ಹುಟ್ಟುವ ಶಾಖವು ತಿಳಿಯುವುದು: ಸುಮಾರು ೩೬ ವಾಟು. ಗೀಸರಿನಲ್ಲಾದರೆ ಶಾಖವನ್ನು ನೀರು ಹೀರಿಕೊಳ್ಳುವುದು. ಇಲ್ಲಿಯಾದರೋ ಅಷ್ಟೂ ಶಾಖವು ಒಂದು ಮೊಳೆಯಷ್ಟು ಜಾಗದಲ್ಲಿಯೇ ಸಂಗ್ರಹವಾಗುವುದು. ಪ್ಲಗ್ಗು ಕರಗದೆ ಇನ್ನೇನಾದೀತು? ಫ್ಯೂಸು ಏಕೆ ಹೋಗಲಿಲ್ಲವೆಂಬುದಕ್ಕೂ ಇಲ್ಲಿಯೇ ಉತ್ತರವಿದೆ. ಪ್ರವಾಹವು ಮಿತಿಮೀರಿದಾಗ ಮಾತ್ರ ಫ್ಯೂಸು ಎಚ್ಚರಗೊಳ್ಳುವುದು. ಇಲ್ಲಿ ಪ್ರವಾಹವು ಕಡಿಮೆಯೇ ಆಗಿತ್ತು.

ದೂರದ ತಂತಿಗಳಲ್ಲಿ ನಷ್ಟವಾಗುವ ಶಕ್ತಿಗೂ ಲೆಕ್ಕವು ಇದೇ. ೧೯೦೨ರಲ್ಲಿ ಶಿವನಸಮುದ್ರದಿಂದ ಸುಮಾರು ೯೦ ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಒಯ್ದಾಗ ಅತಿ ಹೆಚ್ಚಿನ ಒತ್ತಡವನ್ನು ಬಳಸಿದುದು ಈ ಕಾರಣದಿಂದಲೇ. ಒತ್ತಡವನ್ನು ಇಮ್ಮಡಿಸಿದರೆ ಅಷ್ಟೇ ಶಕ್ತಿಗೆ ಅರ್ಧ ಪ್ರವಾಹವು ಸಾಕು. ತಂತಿಯಲ್ಲಿನ ನಷ್ಟವು ಕಾಲುಪಾಲಿಗೆ ಇಳಿಯುವುದು.

ಕೊನೆಯ ಲೆಕ್ಕವೊಂದುಂಟು, ಅದೇ ಎಲ್ಲಕ್ಕಿಂತ ಮುಖ್ಯವಾದುದು. ಒಣ ಚರ್ಮವು ವಿದ್ಯುತ್ತಿಗೆ ಬಹಳ ತಡೆಯೊಡ್ಡುವುದು. ಮೈ ಒದ್ದೆಯಾದೊಡನೆ ಆ ತಡೆಯು ಕುಸಿದು ಸುಮಾರು ೧೦೦೦ ಓಮಿಗೂ ಇಳಿಯಬಹುದು. ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಿಂತವನು ವಿದ್ಯುತ್ತು ಸೋರುವ ಗೀಸರನ್ನು ಮುಟ್ಟಿದನೆನ್ನಿ: ೨೩೦ನ್ನು ೧೦೦೦ದಿಂದ ಭಾಗಿಸಿದರೆ ೦.೨೩ ಆಂಪಿಯರು. ಪ್ರಾಣ ತೆಗೆಯಲು ಇದು ಧಾರಾಳವಾಗಿ ಸಾಕು. ೧೬ ಆಂಪಿಯರನ್ನು ಕಾಯುವ ಫ್ಯೂಸಿಗೆ ಇದು ಗಮನಕ್ಕೂ ಬಾರದು! ಆದುದರಿಂದಲೇ ಪ್ರತ್ಯೇಕವಾದ ಆರ್‌ಸಿಸಿಬಿ ಎಂಬ ರಕ್ಷಕವನ್ನು ಮನೆಯಲ್ಲಿ ಹಾಕಿಸಬೇಕು. ಹೋದ ಪ್ರವಾಹವಷ್ಟೂ ಮರಳಿ ಬಂದಿತೇ ಎಂದು ಅದು ತೂಗಿ ನೋಡುತ್ತಿದ್ದು, ೦.೦೩ ಆಂಪಿಯರಿನಷ್ಟು ಅನ್ಯಮಾರ್ಗವಾಗಿ ಸೋರಿದರೆ ಕ್ಷಣಾರ್ಧದಲ್ಲಿ ಸಂಪರ್ಕವನ್ನು ಕಡಿಯುವುದು. ಅದರೊಂದಿಗೆ ಭೂಮಿಗೆ ಜೋಡಿಸಿದ ಅರ್ಥಿಂಗ್ ತಂತಿಯೂ ಸರಿಯಾಗಿರಬೇಕು.

ನಮ್ಮ ಮನೆಯಲ್ಲಿ ಅಂದೇ ಪ್ಲಗ್ಗನ್ನೂ ಸಾಕೆಟ್ಟನ್ನೂ ಬದಲಾಯಿಸಿ, ಆರ್‌ಸಿಸಿಬಿಯನ್ನು ಹಾಕಿಸಿದೆವು. ತಿಂಗಳಿಗೊಮ್ಮೆ ಅದರ ಪರೀಕ್ಷೆಯ ಗುಂಡಿಯನ್ನು ಒತ್ತಿ ನೋಡುವ ಕೆಲಸವನ್ನು ನಮ್ಮ ತಾಯಿಯವರೇ ವಹಿಸಿಕೊಂಡಿದ್ದಾರೆ. ವಾಚಕರೂ ಮುಂದಿನ ಮಳೆಗಾಲ ಬರುವುದರೊಳಗೆ ತಮ್ಮ ಮನೆಯ ಪ್ಲಗ್ಗುಗಳನ್ನು ತಿಳಿದವರಿಂದ ಒಮ್ಮೆ ನೋಡಿಸಿಕೊಳ್ಳಲಿ. ಅರ್ಧ ಓಮಿನ ಉಪೇಕ್ಷೆಯು ಮನೆಯನ್ನೇ ಸುಡಬಹುದು.