ಪಾದಕ್ಕಿಳಿದ ರಕ್ತ ಮೇಲೇರುವುದು ಹೇಗೆ?

ಶಾಲೆಯ ಪ್ರಾರ್ಥನೆಯ ಸಾಲಿನಲ್ಲೋ ಪರೇಡಿನಲ್ಲೋ ಬಹಳ ಹೊತ್ತು ಅಲುಗಾಡದೆ ನಿಂತ ಹುಡುಗ ಕಣ್ಣು ಕತ್ತಲೆ ಬಂದು ಕುಸಿಯುವುದುಂಟು. ಬೆಳಿಗ್ಗೆ ತಿಂಡಿ ತಿಂದಿರಲಿಕ್ಕಿಲ್ಲ ಎನ್ನುತ್ತಾರೆ ಸುತ್ತಲಿದ್ದವರು. ಹಸಿವು, ಬಿಸಿಲು ಕೂಡಿಕೊಂಡಿರಬಹುದು. ಆದರೆ ಅಲುಗಾಡದೆ ನಿಂತ ಕಾಲುಗಳ ಪಾಲು ಇದರಲ್ಲಿ ದೊಡ್ಡದು. ಅಂಥವರನ್ನು ಎತ್ತಿ ಕೂರಿಸಬಾರದು. ಅಂಗಾತ ಮಲಗಿಸಿ ಕಾಲನ್ನು ಮೇಲೆತ್ತಿ ಹಿಡಿಯಬೇಕು. ಕಾಲಿನಲ್ಲಿ ತಂಗಿದ ರಕ್ತ ಹೃದಯಕ್ಕೆ, ಅಲ್ಲಿಂದ ಮಿದುಳಿಗೆ ತಲುಪಿದರೆ ಸಾಮಾನ್ಯವಾಗಿ ಬೇಗನೆ ಎಚ್ಚರ ಬರುತ್ತದೆ.

ಸುಮ್ಮನೆ ಕೂತಿದ್ದಾಗಲೂ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ಹೊರದಬ್ಬುತ್ತದೆ. ನಾವು ಬಿಪಿ 120/80 ಎನ್ನುವುದು ಹೃದಯದಿಂದ ರಕ್ತ ಒಯ್ಯುವ ಅಪಧಮನಿಗಳ ಒತ್ತಡದ ಲೆಕ್ಕ. ಕೂದಲಿಗಿಂತ ಸಪೂರವಾದ ಲೋಮನಾಳಗಳನ್ನು ಹಾಯ್ದ ರಕ್ತ, ಅದನ್ನು ಹೃದಯಕ್ಕೆ ಮರಳಿಸುವ ಅಭಿಧಮನಿಗೆ ಬಂದು ಸೇರುವಾಗ ಹೃದಯ ಕೊಟ್ಟ ನೂಕುಬಲದಲ್ಲಿ ಉಳಿಯುವುದು ಹತ್ತು ಹದಿನೈದು ಮಿ.ಮೀ. ಪಾದರಸದಷ್ಟು ಮಾತ್ರ. ಅಭಿಧಮನಿಗಳ ಗೋಡೆಯೋ ತೆಳು, ಬೇಗ ಹಿಗ್ಗುವಂಥದ್ದು. ದೇಹದ ರಕ್ತದಲ್ಲಿ ಹೆಚ್ಚುಕಡಿಮೆ ಮೂರನೇ ಎರಡು ಭಾಗ ಸದಾ ಅವುಗಳಲ್ಲೇ ಇರುತ್ತದೆ. ನೆಟ್ಟಗೆ ನಿಂತಾಗ ಹೃದಯದಿಂದ ಪಾದದವರೆಗಿನ ರಕ್ತದ ಭಾರವೆಲ್ಲ ಕೆಳಗೆ ಬಿದ್ದು, ಕಾಲಿನ ಗಿಣ್ಣಿನ ಬಳಿ ಅಭಿಧಮನಿಯ ಒತ್ತಡ 90 ಮಿ.ಮೀ. ಆಸುಪಾಸಿಗೆ ಏರುತ್ತದೆ. ಗೋಡೆ ಹಿಗ್ಗುತ್ತದೆ, ಅರ್ಧ ಲೀಟರಿಗೂ ಮಿಕ್ಕಿ ರಕ್ತ ಕೆಳಮೈಯಲ್ಲೇ ನಿಂತುಬಿಡುತ್ತದೆ.

ಅದನ್ನು ಮೇಲಕ್ಕೆ ಕಳಿಸುವ ಕೆಲಸ ಮೀನಖಂಡದ್ದು. ಮೊಣಕಾಲಿನ ಹಿಂದೆ, ಕೆಳಗಡೆ ಕೈಗೆ ದಪ್ಪಗೆ ಸಿಗುವ ಈ ಸ್ನಾಯುಗಳ ನಡುವೆ ಅಗಲವಾದ ಅಭಿಧಮನಿಗಳಿವೆ. ಹೆಜ್ಜೆ ಇಡುವಾಗ ಹಿಮ್ಮಡಿ ಮೇಲೇಳುತ್ತದಲ್ಲ, ಆಗ ಸ್ನಾಯು ಬಿಗಿದು ಅವನ್ನು ಹಿಂಡುತ್ತದೆ. ಹಿಂಡಿದ ರಕ್ತ ಕೆಳಕ್ಕೂ ಹೋಗಬಹುದಿತ್ತು. ಹೋಗದಂತೆ ತಡೆಯುವುದು ಒಳಗಿನ ಪುಟ್ಟ ಕವಾಟಗಳು: ಎರಡೆರಡು ತೆಳು ಪದರಗಳು ಹೃದಯದ ಕಡೆಗೆ ಮಾತ್ರ ತೆರೆದುಕೊಳ್ಳುತ್ತವೆ. ಸ್ನಾಯು ಸಡಿಲವಾದ ಕೂಡಲೇ ಖಾಲಿಯಾದ ಜಾಗಕ್ಕೆ ಚರ್ಮದಡಿಯ ನಾಳಗಳಿಂದ ಹೊಸ ರಕ್ತ ನುಗ್ಗುತ್ತದೆ. ಕೆಲವು ಹೆಜ್ಜೆ ನಡೆದರೆ ಸಾಕು, ಗಿಣ್ಣಿನ ಬಳಿಯ ಒತ್ತಡ 30ರ ಆಸುಪಾಸಿಗೆ ಇಳಿಯುತ್ತದೆ. ಉಸಿರಾಟವೂ ಇದಕ್ಕೆ ಕೈಜೋಡಿಸುತ್ತದೆ. ಒಳಗೆ ಎಳೆದ ಪ್ರತಿ ಉಸಿರೂ ಹೊಟ್ಟೆಯ ರಕ್ತವನ್ನು ಎದೆಯ ಕಡೆಗೆ ಸೆಳೆಯುತ್ತದೆ.

ಈ ಕವಾಟಗಳನ್ನು ಇಟಲಿಯ ಪಾದುವಾದಲ್ಲಿ ಫ್ಯಾಬ್ರೀಷಿಯಸ್ 1603ರಲ್ಲೇ ವಿವರಿಸಿದ್ದ. ಹೊರಕ್ಕೆ ಹರಿಯುವ ರಕ್ತದ ವೇಗ ತಗ್ಗಿಸಲು ಅವು ಇವೆ ಎಂದುಕೊಂಡಿದ್ದ. ಅವನ ಬಳಿ ಕಲಿತ ಇಂಗ್ಲೆಂಡಿನ ವಿಲಿಯಂ ಹಾರ್ವೆ, ಅಭಿಧಮನಿಯಲ್ಲಿ ರಕ್ತ ಹರಿಯುವುದು ಹೃದಯದ ಕಡೆಗೇ ಎಂದು 1628ರ ತನ್ನ ಗ್ರಂಥದಲ್ಲಿ ತೋರಿಸಿಕೊಟ್ಟ. ಅದಕ್ಕೆ ಅವನಿಗೆ ಬೇಕಾದದ್ದು ರಟ್ಟೆಗೊಂದು ಕಟ್ಟು, ಎರಡು ಬೆರಳು. ವೈದ್ಯಶಾಸ್ತ್ರದಲ್ಲಿ ಇಷ್ಟು ಸರಳವಾದ, ಇಷ್ಟು ಚೆಂದದ ಸಾಕ್ಷ್ಯ ನನಗೆ ಇನ್ನೊಂದು ಕಂಡಿಲ್ಲ. ನೀವೂ ನೋಡಬಹುದು. ಕೈಯನ್ನು ಸ್ವಲ್ಪ ಹೊತ್ತು ಇಳಿಬಿಡಿ. ಹಿಂಗೈಯ ನೀಲಿ ಗೆರೆಗಳು ಉಬ್ಬುತ್ತವೆ. ನೇರವಾದ ಒಂದನ್ನು ಆರಿಸಿ, ಬೆರಳಿನ ಬುಡದ ಹತ್ತಿರ ಒತ್ತಿ ಹಿಡಿಯಿರಿ. ಇನ್ನೊಂದು ಬೆರಳಿನಿಂದ ಅಲ್ಲಿಂದ ಮಣಿಕಟ್ಟಿನ ಕಡೆಗೆ ನೀವಿಕೊಂಡು ಹೋಗಿ. ಗೆರೆ ಚಪ್ಪಟೆಯಾಗುತ್ತದೆ. ಮಣಿಕಟ್ಟಿನ ಕಡೆಯ ಬೆರಳನ್ನು ತೆಗೆದರೂ, ದಾರಿಯಲ್ಲಿ ಕವಾಟವಿದ್ದರೆ ಅದರ ಕೆಳಗಿನ ಭಾಗ ಖಾಲಿಯೇ ಉಳಿಯುತ್ತದೆ. ಬುಡದ ಬೆರಳನ್ನು ಎತ್ತಿದ ಕ್ಷಣವೇ ಗೆರೆ ತುಂಬಿಕೊಳ್ಳುತ್ತದೆ.

ವರ್ಷಗಟ್ಟಲೆ ಒತ್ತಡ ಬಿದ್ದು ನಾಳ ಹಿಗ್ಗಿದರೆ ಕವಾಟದ ಪದರಗಳು ಒಂದಕ್ಕೊಂದು ಕೂಡುವುದಿಲ್ಲ. ಸೋರಿದ ರಕ್ತ ಕೆಳಗಿನ ಕವಾಟದ ಮೇಲೆ ಭಾರ ಹಾಕುತ್ತದೆ, ಅದೂ ಸೋಲುತ್ತದೆ. ವೆರಿಕೋಸ್ ವೇನ್ಸ್ ಎಂದು ಕರೆಯುವ, ಗಂಟುಗಂಟಾಗಿ ಕಾಣುವ ಉಬ್ಬುನರಗಳು ಹೀಗೆ ಹುಟ್ಟುತ್ತವೆ. ಮನೆತನದಿಂದ ಬರುವುದುಂಟು, ಬಸಿರಿನಲ್ಲಿ ಹೆಚ್ಚುವುದುಂಟು. ಶಿಕ್ಷಕರು, ಟ್ರಾಫಿಕ್ ಪೊಲೀಸರು, ಕ್ಷೌರಿಕರು, ಹೋಟೆಲಿನ ಒಲೆಯ ಮುಂದಿನವರು ದಿನವಿಡೀ ನಿಂತೇ ದುಡಿಯುತ್ತಾರೆ. ಕೂರಲೊಂದು ಸ್ಟೂಲ್ ಸಿಗುವುದು ಅವರ ಹಕ್ಕೆಂದೇ ನಾನು ಭಾವಿಸುತ್ತೇನೆ. ಗಿಣ್ಣಿನ ಮೇಲಿನ ಚರ್ಮ ಕಪ್ಪಾಗಿ ತುರಿಸತೊಡಗಿದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಅಲ್ಲಿ ಹುಣ್ಣಾದರೆ ಮಾಯುವುದು ಬಲು ನಿಧಾನ.

ನಿಂತು ಕೆಲಸ ಮಾಡುವವರು ಆಗಾಗ ಹತ್ತಿಪ್ಪತ್ತು ಸಲ ಹಿಮ್ಮಡಿ ಎತ್ತಿ ಇಳಿಸಲಿ. ಕೂತವರು ಪಾದವನ್ನು ಗಿಣ್ಣಿನಲ್ಲಿ ಮೇಲೆ ಕೆಳಗೆ ಆಡಿಸಲಿ. ಸಂಜೆ ಮಲಗಿ, ಕಾಲನ್ನು ದಿಂಬಿನ ಮೇಲೆ ಎದೆಮಟ್ಟಕ್ಕಿಂತ ಎತ್ತರಕ್ಕಿಟ್ಟರೆ ಬಾವು ಇಳಿಯುತ್ತದೆ. ಬಿಗಿ ಕಾಲುಚೀಲ ಹಾಕುವವರು ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲೇ ಹಾಕಿಕೊಳ್ಳಬೇಕು. ಸಕ್ಕರೆ ಕಾಯಿಲೆ ಇರುವವರು, ಬೀಡಿ ಸಿಗರೇಟು ಸೇದುವವರು ಮೊದಲು ವೈದ್ಯರನ್ನು ಕೇಳಬೇಕು. ಅಪಧಮನಿ ಕಟ್ಟಿಕೊಂಡ ಕಾಲಿಗೆ ಆ ಬಿಗಿ ಅಪಾಯ.

ಬೆಂಗಳೂರಿನಿಂದ ಬೀದರಿಗೆ ಕೂತೇ ಹೋಗುವ ರಾತ್ರಿ ಬಸ್ಸಿನಲ್ಲಿ, ಅಮೆರಿಕದ ವಿಮಾನದಲ್ಲಿ, ಆಪರೇಷನ್ ಆದ ಮೇಲಿನ ಹಾಸಿಗೆಯಲ್ಲಿ ಮೀನಖಂಡಕ್ಕೆ ಕೆಲಸವೇ ಇರುವುದಿಲ್ಲ. ನಿಂತ ರಕ್ತ ಒಳಗೇ ಹೆಪ್ಪುಗಟ್ಟಬಹುದು. ಒಂದೇ ಕಾಲು ಊದಿ, ನೋಯುತ್ತ, ಬಿಸಿಯಾಗಿದ್ದರೆ ಎಣ್ಣೆ ಹಚ್ಚಿ ತಿಕ್ಕಬೇಡಿ. ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋದೀತು. ಅದೇ ದಿನ ವೈದ್ಯರಲ್ಲಿಗೆ ಹೋಗಿ. ಜೊತೆಗೆ ಉಸಿರು ಕಟ್ಟಿದಂತಾದರೆ, ಎದೆ ನೋವು ಬಂದರೆ ಕೂಡಲೇ 108ಕ್ಕೆ ಕರೆ ಮಾಡಿ.