ಗುಡ್ಡದ ಕಲ್ಲು, ಪರಸಿ ಕಲ್ಲು ಮತ್ತು ಅಳತೆ ಜಾಡಿ

ವಸ್ತುವಿನ ರಾಶಿಯನ್ನು ಅದರ ಗಾತ್ರದಿಂದ ಭಾಗಿಸಿದರೆ ಬರುವುದು ಸಾಂದ್ರತೆ. ಇದನ್ನು ಅಳೆಯಲು ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ ತಕ್ಕಡಿ, ಅಳತೆ ಜಾಡಿ, ದಾರ, ನೀರು ಇದ್ದರೆ ಸಾಕು. ಯಾದಗಿರಿ ಜಿಲ್ಲೆಯಲ್ಲಿ ಅಳೆಯಲು ಬೇಕಾದ ವಸ್ತುಗಳಿಗೂ ಬರವಿಲ್ಲ. ಶಹಾಪುರ, ಸುರಪುರದ ಗುಡ್ಡಗಳಲ್ಲಿ ಗ್ರಾನೈಟ್ ಇದೆ; ಮನೆಗಳ ನೆಲಕ್ಕೆ ಹಾಸಿದ ಶಹಾಬಾದ್ ಪರಸಿ ಭೀಮಾ ಸೀಮೆಯ ಸುಣ್ಣಕಲ್ಲು; ಹೊಲಗಳಲ್ಲಿ ಜೋಳ, ತೊಗರಿ, ಹತ್ತಿ ಬೆಳೆಯುತ್ತವೆ.

ಕಲ್ಲನ್ನು ಒಣಗಿದ್ದಾಗಲೇ ತೂಗಬೇಕು. ನೆನೆದ ಕಲ್ಲಿನ ಜೊತೆ ನೀರೂ ತೂಗುತ್ತದೆ. ಆಮೇಲೆ ಅದನ್ನು ದಾರಕ್ಕೆ ಕಟ್ಟಿ ಜಾಡಿಯ ನೀರಿಗೆ ಇಳಿಸಬೇಕು. ನೀರು ಎಷ್ಟು ಮಿಲಿಲೀಟರ್ ಏರಿತೋ ಅಷ್ಟು ಘನ ಸೆಂಟಿಮೀಟರ್ ಕಲ್ಲಿನ ಗಾತ್ರ. ಗಾಜಿನ ಅಂಚಿನಲ್ಲಿ ನೀರು ಸ್ವಲ್ಪ ಮೇಲೆ ಹತ್ತಿರುತ್ತದೆ. ಆದ್ದರಿಂದ ಕಣ್ಣನ್ನು ನೀರಿನ ಮಟ್ಟಕ್ಕೆ ತಂದು, ಬಾಗಿದ ಮೇಲ್ಮೈಯ ಅತಿ ತಗ್ಗಿನ ಬಿಂದುವನ್ನು ಓದಬೇಕು.

54 ಗ್ರಾಂ ಕಲ್ಲು ನೀರನ್ನು 20 ಮಿಲಿಲೀಟರ್ ಏರಿಸಿದರೆ ಸಾಂದ್ರತೆ ಘನ ಸೆಂಟಿಮೀಟರಿಗೆ 2.7 ಗ್ರಾಂ. ಓದುವಾಗ ಒಂದೇ ಒಂದು ಮಿಲಿಲೀಟರ್ ತಪ್ಪಿದರೆ ಅದೇ ಕಲ್ಲು 2.57 ಆಗಬಹುದು, 2.84 ಕೂಡ ಆಗಬಹುದು. ಗ್ರಾನೈಟಿನ ಸಾಂದ್ರತೆ ಸುಮಾರು 2.65, ಸುಣ್ಣಕಲ್ಲಿನದು ಸುಮಾರು 2.7. ಅಂದರೆ ಓದುವ ತಪ್ಪು ಎರಡು ಕಲ್ಲುಗಳ ನಡುವಿನ ಅಂತರಕ್ಕಿಂತ ದೊಡ್ಡದು. ವಿದ್ಯಾರ್ಥಿಗೆ ಮೊದಲು ತಿಳಿಯಬೇಕಾದದ್ದು ಇದೇ. ಪುಸ್ತಕದ ಕೋಷ್ಟಕಕ್ಕೆ ಹೊಂದುವಂತೆ ಅಂಕಿ ತಿದ್ದಿ ಬರೆಯುವ ರೂಢಿ ಪ್ರಯೋಗವನ್ನೇ ಕೊಲ್ಲುತ್ತದೆ.

ತಪ್ಪನ್ನು ಕುಗ್ಗಿಸುವ ದಾರಿ ಗಾತ್ರವನ್ನು ಹೆಚ್ಚಿಸುವುದು. 2011ರ ಸರಣಿಯ ಒಂದು ರೂಪಾಯಿ ನಾಣ್ಯ ತುಕ್ಕು ಹಿಡಿಯದ ಉಕ್ಕಿನದು, ತೂಕ 3.79 ಗ್ರಾಂ. ಒಂದನ್ನೇ ಜಾಡಿಗೆ ಹಾಕಿದರೆ ನೀರು ಏರುವುದು ಅರ್ಧ ಮಿಲಿಲೀಟರ್ ಮಾತ್ರ, ಅದನ್ನು ಓದಲಾಗದು. 20 ನಾಣ್ಯಗಳು 75.8 ಗ್ರಾಂ ತೂಗಿ ನೀರನ್ನು ಸುಮಾರು 10 ಮಿಲಿಲೀಟರ್ ಏರಿಸುತ್ತವೆ, ಸಾಂದ್ರತೆ 7.6ರ ಹತ್ತಿರ ಬರುತ್ತದೆ. ವರ್ನಿಯರ್ ಕ್ಯಾಲಿಪರ್ಸಿನಿಂದ ವ್ಯಾಸ, ದಪ್ಪ ಅಳೆದು ಗಾತ್ರ ಲೆಕ್ಕ ಹಾಕಿದರೆ ಸಾಂದ್ರತೆ ಕಡಿಮೆ ಬರುತ್ತದೆ. ನಾಣ್ಯದ ಅಂಚು ಉಬ್ಬಿ, ನಡುಭಾಗ ತಗ್ಗಿರುವುದರಿಂದ ಕ್ಯಾಲಿಪರ್ಸ್ ಅಂಚಿನ ದಪ್ಪವನ್ನಷ್ಟೇ ಹಿಡಿಯುತ್ತದೆ.

ಜಾಡಿಯಲ್ಲಿ ಹಿಡಿಸದ ಕಲ್ಲಿಗೆ ಸ್ಪ್ರಿಂಗ್ ತಕ್ಕಡಿ ಬೇಕು. ಗಾಳಿಯಲ್ಲಿ 500 ಗ್ರಾಂ ತೋರಿದ ಕಲ್ಲು, ಬಕೆಟ್ಟಿನ ತಳಕ್ಕೆ ತಾಗದಂತೆ ನೀರಿನಲ್ಲಿ ಮುಳುಗಿದಾಗ 315 ತೋರಿತೆನ್ನಿ. ಕಳೆದುಹೋದ 185 ಗ್ರಾಂ ಅದು ಪಕ್ಕಕ್ಕೆ ಸರಿಸಿದ ನೀರಿನ ತೂಕ ಎಂಬುದು ಆರ್ಕಿಮಿಡೀಸನ ತತ್ವ. 500ನ್ನು 185ರಿಂದ ಭಾಗಿಸಿದರೆ 2.70. ಈ ಸೀಮೆಯ ಬೇಸಿಗೆಯಲ್ಲಿ ನೀರು 40 ಡಿಗ್ರಿ ಸೆಲ್ಸಿಯಸ್‌ಗೆ ಕಾದಿದ್ದರೆ ಅದರ ಸಾಂದ್ರತೆ 0.992ಕ್ಕೆ ಇಳಿದು, ಕಲ್ಲಿನದು 2.68 ಆಗುತ್ತದೆ.

ಅಲ್ಯೂಮಿನಿಯಂ ಪಾತ್ರೆಯ ಸಾಂದ್ರತೆಯೂ 2.7! ಎಷ್ಟೇ ಚೊಕ್ಕಟವಾಗಿ ಅಳೆದರೂ ಸಾಂದ್ರತೆಯೊಂದರಿಂದಲೇ ವಸ್ತುವನ್ನು ಗುರುತಿಸಲಾಗದು. ಅಲ್ಯೂಮಿನಿಯಂ ವಿದ್ಯುತ್ತನ್ನು ಹರಿಯಬಿಡುತ್ತದೆ, ಕಲ್ಲು ಬಿಡುವುದಿಲ್ಲ. ಬ್ಯಾಟರಿ, ಬಲ್ಬು ಇದ್ದರೆ ಅದು ತಿಳಿಯುತ್ತದೆ. ಎರಡು ಕಲ್ಲುಗಳನ್ನು ಬೇರ್ಪಡಿಸಲು ಕಬ್ಬಿಣದ ಮೊಳೆ ಸಾಕು. ಪರಸಿಯ ಮುಖ್ಯ ಖನಿಜ ಕ್ಯಾಲ್ಸೈಟ್‌ನ ಗಡಸುತನ ಮೋಹ್ಸ್ ಮಾಪಕದಲ್ಲಿ 3, ಮೊಳೆ ಅದನ್ನು ಗೀರುತ್ತದೆ. ಗ್ರಾನೈಟಿನ ಸ್ಫಟಿಕಶಿಲೆಯ ಕಣಗಳ ಗಡಸುತನ 7, ಅಲ್ಲಿ ಮೊಳೆ ಜಾರುತ್ತದೆ. ಶಿಕ್ಷಕರು ಒಂದು ಹನಿ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲ ಬಿಟ್ಟು ತೋರಿಸಿದರೆ ಪರಸಿಯ ಮೇಲೆ ಇಂಗಾಲದ ಡೈಆಕ್ಸೈಡ್ ನೊರೆಗುಟ್ಟುತ್ತದೆ, ಗ್ರಾನೈಟ್ ಸುಮ್ಮನಿರುತ್ತದೆ.

ಕಾಳುಗಳ ಲೆಕ್ಕ ಬೇರೆ. ಜಾಡಿಯಲ್ಲಿ 50 ಮಿಲಿಲೀಟರ್ ಗುರುತಿನವರೆಗೆ ಜೋಳ ತುಂಬಿದರೆ ಸುಮಾರು 38 ಗ್ರಾಂ ತೂಗುತ್ತದೆ, ಸಾಂದ್ರತೆ 0.76 ಎನಿಸುತ್ತದೆ. ಆದರೆ ಗಟ್ಟಿ ಜೋಳ ನೀರಿನಲ್ಲಿ ಮುಳುಗುತ್ತದೆ! ಅದೇ ಜೋಳವನ್ನು ನೀರಿಗೆ ಸುರಿದು, ನೆನೆದು ಉಬ್ಬುವ ಮೊದಲೇ ಓದಿದರೆ ಗಾತ್ರ 30 ಮಿಲಿಲೀಟರಿನ ಆಸುಪಾಸು, ಸಾಂದ್ರತೆ 1.3ರ ಹತ್ತಿರ. ಉಳಿದ ಜಾಗವೆಲ್ಲ ಕಾಳಿನ ಸಂದಿಯ ಗಾಳಿಯದು. ಸೇರಿನಲ್ಲಿ ಅಳೆದ ಕಾಳು ತೂಕದಲ್ಲಿ ಏರುಪೇರಾಗಲು ಈ ಸಂದಿಗಳೂ ಕಾರಣ.

ಹತ್ತಿಯಲ್ಲಿ ಗಾಳಿಯ ಪಾಲು ಇನ್ನೂ ಹೆಚ್ಚು. ಒಣ ಹತ್ತಿ ತೇಲುತ್ತದೆ. ಚೆನ್ನಾಗಿ ತೋಯಿಸಿ ಹಿಂಡಿ ಗಾಳಿ ಹೊರಹಾಕಿದರೆ ತಳ ಸೇರುತ್ತದೆ, ಏಕೆಂದರೆ ಅದರ ಎಳೆಯ ಸಾಂದ್ರತೆ ಸುಮಾರು 1.5. ಬೆಲ್ಲ, ಉಪ್ಪು ನೀರಿನಲ್ಲಿ ಕರಗುವುದರಿಂದ ಅವುಗಳ ಗಾತ್ರ ಅಳೆಯುವಾಗ ಜಾಡಿಗೆ ನೀರಿನ ಬದಲು ಸೀಮೆಎಣ್ಣೆ ಹಾಕಬೇಕು.